ಕೆರೆ ಕ್ಯಾಸೆಟ್ಟಿನ ಎರಡನೇ ಬದಿ

ಆ ಕಾಲಕ್ಕೆ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನಿಶ್ಶಬ್ದ ಅನ್ನುವುದು ಕರೆಂಟು ಹೋದಾಗ ಮಾತ್ರ ಸಿಗುತ್ತಿತ್ತು. ಬೆಳಗ್ಗೆ ಆರಕ್ಕೆ ಶುರುವಾದ ಮಗ್ಗಗಳು ರಾತ್ರಿ ಊಟದ ಹೊತ್ತಿನ ತನಕ ಖಟಖಟ ಬಡಿಯುತ್ತಲೇ ಇರುತ್ತಿದ್ದವು. ಅಂಥ ಬೀದಿಯಲ್ಲಿ ಬೆಳೆದವರಿಗೆ ಗೊತ್ತು, ಅಲ್ಲಿ ಯಾರೂ ಮೆತ್ತಗೆ ಮಾತಾಡುವುದಿಲ್ಲ. ಕೂಗಬೇಕು, ಇಲ್ಲವೇ ಎದುರಿನವರ ತುಟಿ ನೋಡಿ ತಿಳಿದುಕೊಳ್ಳಬೇಕು. ಬೇಸಿಗೆ ಬಂದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟು ತೆಗೆಯುತ್ತಿದ್ದರು. ಗಕ್ಕನೆ ಇಡೀ ಬೀದಿ ನಿಲ್ಲುತ್ತಿತ್ತು. ಕಾದ ಮೋಟಾರಿನ ಎಣ್ಣೆ, ನೂಲಿಗೆ ಹಾಕಿದ ಗಂಜಿಯ ಹುಳಿ, ಯಾರದೋ ಮನೆಯ ಬಸ್ಸಾರಿನ ಬೆಳ್ಳುಳ್ಳಿ ಒಗ್ಗರಣೆ, ಎಲ್ಲ ವಾಸನೆಯೂ ಒಟ್ಟಿಗೆ ಬರುತ್ತಿತ್ತು. ಸದ್ದು ನಿಂತ ಮೇಲೆಯೇ ಮೂಗೂ ಕೆಲಸ ಮಾಡುತ್ತಿತ್ತೇನೋ. ಹುಡುಗಿಯರು ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದರು. ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು.

ಇದೆಲ್ಲ ನೆನಪಾಗಿದ್ದು ಹೋದ ತಿಂಗಳು, ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ದಾವಣಗೆರೆಗೆ ಹೋಗುವಾಗ. ರತ್ನಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ಮಗಳಿಗೆ ಅಲ್ಲಿ ಹೆಣ್ಣು ಮಗು ಆಗಿತ್ತು. ಕಾರು ನನ್ನದು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು, ಸ್ಟೇರಿಂಗ್ ಹಿಡಿದ ಮೊದಲನೆಯ ಹೆಂಗಸೂ ನಾನೇ. ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ, ಕಷ್ಟಪಟ್ಟು ಸಂಪಾದಿಸಿದ್ದು. ನಾನು ಪಾಠ ಮಾಡುವ ಕಾಲೇಜಿನ ಗುಮಾಸ್ತರೊಬ್ಬರು ಹಳೆಯ ಕ್ಯಾಸೆಟ್ಟುಗಳ ಹಾಡೆಲ್ಲ ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು. ಒಂದೊಂದು ಕ್ಯಾಸೆಟ್ಟಿಗೆ ಒಂದೊಂದು ಫೋಲ್ಡರು, ಹಾಡುಗಳು ಆಗ ಇದ್ದ ಕ್ರಮದಲ್ಲೇ.

ದಾಬಸ್‌ಪೇಟೆ ದಾಟಿ ಹೈವೇಗೆ ಸೇರಿದ ಮೇಲೆ ಹಾಕಿದೆ. ಮೊದಲು ಭಕ್ತಿಗೀತೆ, ನಾವು ಊದಿನಕಡ್ಡಿ ಕ್ಯಾಸೆಟ್ ಅನ್ನುತ್ತಿದ್ದೆವು. ಆಮೇಲೆ ಎರಡು ಸಿನಿಮಾದವು. ಒಂದು ಹಾಡು ಮುಗಿಯುವ ಮುಂಚೆ ಮುಂದಿನ ಹಾಡಿನ ಮೊದಲ ಸಾಲು ನಮ್ಮಿಬ್ಬರ ತಲೆಯಲ್ಲೂ ಬಂದಿರುತ್ತಿತ್ತು.

"ಜೋರಾಗಿಡೇ," ಅಂದಳು ಅಕ್ಕ. ಇಪ್ಪತ್ತೆಂಟು ವರ್ಷ ಮಗ್ಗದ ಮುಂದೆ ನಿಂತ ಕಿವಿ ಅದು. ಜೋರು ಮಾಡಿದೆ.

ಒಂದು ಹಾಡಿನ ನಡುವೆ ಅವಳು ಬೆಚ್ಚಿದವಳಂತೆ ನನ್ನ ಕಡೆ ತಿರುಗಿದಳು. "ಅಯ್ಯೋ, ಇಲ್ಲೊಂದು ಮಾತಿತ್ತೇನೇ?"

ನಿಜ. ನಮ್ಮ ಕ್ಯಾಸೆಟ್ಟಿನಲ್ಲಿ ಅಲ್ಲಿ ರೀಲು ಸಿಕ್ಕಿಕೊಂಡು ಹಿಸುಕಿಹೋಗಿತ್ತು. ಹಾಡು ಅಲ್ಲಿ ಒಂದು ಸಲ ಮುಕ್ಕುಳಿಸಿದಂತೆ ಸದ್ದು ಮಾಡಿ ಮುಂದಕ್ಕೆ ಹೋಗುತ್ತಿತ್ತು. ನಾವೂ ಹಾಡುವಾಗ ಹಾಗೇ ಮುಕ್ಕುಳಿಸಿ ಹಾಡುತ್ತಿದ್ದೆವು. "ಇಷ್ಟ್ ವರ್ಷ ತಪ್ಪ್ ಹಾಡ್ಕೊಂಡ್ ಬಂದಿದೀವಲ್ಲೇ!" ಎಂದು ಅಕ್ಕ ತೊಡೆ ತಟ್ಟಿಕೊಂಡು ನಕ್ಕಳು. ನಾನೂ ನಕ್ಕೆ. ನಗುತ್ತಲೇ ಮುಂದಿನ ಫೋಲ್ಡರು ಯಾವುದೆಂದು ನೋಡಿದೆ. ಕೆರೆ ಕ್ಯಾಸೆಟ್ಟು. ತೆಗೆದುಬಿಡೋಣ ಅಂದುಕೊಳ್ಳುವಷ್ಟರಲ್ಲಿ ಶುರುವಾಗಿಹೋಯಿತು.

ಹೊದಿಕೆಯ ಮೇಲೆ ಹಳದಿ ಸೀರೆಯ ಹೆಂಗಸೊಬ್ಬಳು ಕೆರೆ ದಂಡೆಯಲ್ಲಿ ಕೂತಿದ್ದ ಭಾವಗೀತೆಗಳ ಕ್ಯಾಸೆಟ್ಟು ಅದು. ಎರಡನೇ ಬದಿಯಲ್ಲಿ ಹಾಡೆಲ್ಲ ಮುಗಿದ ಮೇಲೂ ಹತ್ತು ನಿಮಿಷದಷ್ಟು ರೀಲು ಖಾಲಿ ಉಳಿದಿತ್ತು. ಆ ಹತ್ತು ನಿಮಿಷದ ಕಥೆಯನ್ನೇ ಈಗ ಹೇಳುತ್ತಿರುವುದು.

ಅಕ್ಕ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಜೊತೆ ಮಗ್ಗಕ್ಕೆ ನಿಂತಿದ್ದಳು. ಅಮ್ಮ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಓದುವ ಮಗು. ಹಾಗಂತ ಮುದ್ದೇನಲ್ಲ. "ಹತ್ತನೇ ಕ್ಲಾಸಲ್ಲಿ ಫೇಲಾದ್ರೆ ಮೂರನೇ ಮಗ್ಗ ನಿಂದು," ಎಂದು ಅಪ್ಪ ವರ್ಷದ ಶುರುವಿನಲ್ಲೇ ಹೇಳಿಬಿಟ್ಟಿದ್ದ. ಆ ಮಗ್ಗ ನಮ್ಮ ನಡುಮನೆಯಲ್ಲೇ ನನಗಾಗಿ ಕಾಯುತ್ತಾ ನಿಂತಿತ್ತು. ನಾನು ಗಟ್ಟಿಯಾಗಿ ಓದಿದರೆ ಮಾತ್ರ ತಲೆಗೆ ಹತ್ತುವ ಜಾತಿ. ನನ್ನ ಓದು ನನಗೇ ಕೇಳುವುದು ಆ ಎರಡು ಗಂಟೆ ಕರೆಂಟಿಲ್ಲದಾಗ ಮಾತ್ರ.

ಅಕ್ಕ ಮಗ್ಗದ ಮುಂದೆ ಹಾಡುತ್ತಿದ್ದಳು. ಹಾಡುತ್ತಿದ್ದಳೆಂದು ನಮಗೆ ತಿಳಿಯುತ್ತಿದ್ದುದು ತುಟಿಯಿಂದ. ಆ ಗದ್ದಲದಲ್ಲಿ ಎದೆ ಬಿರಿಯುವಂತೆ ಹಾಡಿದರೂ ಯಾರೂ ಸುಮ್ಮನಿರು ಅನ್ನುವುದಿಲ್ಲ. ಒಂದು ಮಧ್ಯಾಹ್ನ ಅವಳು ಮೇಲಿನ ಸ್ಥಾಯಿಯಲ್ಲಿ ಇದ್ದಾಗಲೇ ಕರೆಂಟು ಹೋಯಿತು. ಮಗ್ಗಗಳೆಲ್ಲ ನಿಂತವು, ಅವಳ ದನಿ ಮಾತ್ರ ನಿಲ್ಲಲಿಲ್ಲ. ಬೀದಿಯವರೆಲ್ಲ ಹೊರಗೆ ಬಂದು ನೋಡಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು.

ಅವತ್ತು ಕೇಳಿದವರಲ್ಲಿ ಮಂಜಣ್ಣ ಒಬ್ಬ. ಮದುವೆ ಆರತಕ್ಷತೆಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸುತ್ತಿದ್ದ. ಬೀದಿಯಲ್ಲಿ ಪ್ಯಾಂಟಿಗೆ ಇಸ್ತ್ರಿ ಹಾಕಿಸುತ್ತಿದ್ದವನು ಅವನೊಬ್ಬನೇ. ಜಗಲಿಗೆ ಬಂದು ಅಪ್ಪನ ಹತ್ತಿರ ಕೇಳಿದ.

"ಯಜಮಾನ್ರೇ, ಯುಗಾದಿ ಆದ್ಮೇಲೆ ನಮಗೆ ಪುರುಸೊತ್ತೇ ಇರಲ್ಲ. ಹೆಣ್ಣು ದನಿ ಒಂದು ಬೇಕು. ಇವಳದ್ದು ಎರಡು ಹಾಡು ಕ್ಯಾಸೆಟ್ ಮಾಡಿಕೊಡಿ. ಭಾನುವಾರ ಬಂದು ತಗೊಂಡ್ ಹೋಗಿ ನಮ್ಮ ಓನರಿಗೆ ಕೇಳಿಸ್ತೀನಿ."

ಅಪ್ಪ ಬೀಡಿ ತುದಿ ನೋಡುತ್ತಾ, "ಮಗ್ಗ ಯಾರ್ ನೋಡ್ಕೋತಾರೆ?" ಅಂದ. ಆದರೆ ಬೇಡ ಅನ್ನಲಿಲ್ಲ. ಅಪ್ಪನ ಮಟ್ಟಿಗೆ ಅದು ದೊಡ್ಡ ಒಪ್ಪಿಗೆ.

ಟೇಪ್‌ರೆಕಾರ್ಡರಿಗೆ ನಾಲ್ಕು ಹೊಸ ಸೆಲ್ಲು ಬಂತು. ಕೆರೆ ಕ್ಯಾಸೆಟ್ಟಿನ ನೆತ್ತಿಯ ತೂತಿಗೆ ಅಕ್ಕ ಕಾಗದದ ಉಂಡೆ ತುರುಕಿದಳು, ಹಾಗೆ ಮಾಡಿದರೆ ಅಂಗಡಿಯ ಕ್ಯಾಸೆಟ್ಟಿನ ಮೇಲೂ ರೆಕಾರ್ಡ್ ಆಗುತ್ತದೆ. ಸೆಲ್ಲು ಉಳಿಯಲೆಂದು ಪೆನ್ಸಿಲ್ಲಿನಿಂದ ರೀಲು ಸುತ್ತಿ ಖಾಲಿ ಜಾಗಕ್ಕೆ ತಂದಳು. ಮಗ್ಗ ನಿಂತಿರುವಾಗ ಮಾತ್ರ ರೆಕಾರ್ಡ್ ಮಾಡಲು ಸಾಧ್ಯ. ಅಂದರೆ ನನ್ನ ಎರಡು ಗಂಟೆಯಲ್ಲಿ.

ಪರೀಕ್ಷೆಗೆ ಓದಿಕೊಳ್ಳಲು ಸ್ಕೂಲಿಗೆ ರಜೆ ಬಿಟ್ಟಿದ್ದರು. ಸೋಮವಾರ ನಾನು ಸಮಾಜ ವಿಜ್ಞಾನ ಓದುತ್ತಿದ್ದೆ. ಅಕ್ಕ, "ಸುಮೀ, ಒಂದ್ ಚೂರು ಮನಸ್ಸಲ್ಲೇ ಓದ್ಕೊಳೇ," ಅಂದಳು. ನಾನು ಇನ್ನೂ ಜೋರಾಗಿ ಓದಿದೆ. ಆಗ ಅಮ್ಮ ಒಲೆ ಮುಂದಿನಿಂದ ಎದ್ದು ಬಂದು, "ಬಾಯ್ ಮುಚ್ಚು! ಅಕ್ಕ ಹಾಡ್ತಾವ್ಳೆ ಕಾಣಾಕಿಲ್ವಾ?" ಅಂದಳು.

ಆ ಮನೆಯಲ್ಲಿ ನನ್ನ ಓದಿಗೆ ಯಾರಾದರೂ ಬಾಯಿ ಮುಚ್ಚು ಅಂದದ್ದು ಅದೇ ಮೊದಲು. ಐದು ದಿನ ನಾನು ಬಾಯಿ ಮುಚ್ಚಿಕೊಂಡು ಕೂತೆ. ಅಕ್ಕ ಹಾಡಿದಳು, ತಪ್ಪಿದಳು, ಕೆಮ್ಮಿದಳು, ಪೆನ್ಸಿಲ್ ತಿರುಗಿಸಿ ಮತ್ತೆ ಹಾಡಿದಳು. ಶುಕ್ರವಾರ ಎರಡೂ ಹಾಡು ಅವಳ ಮನಸ್ಸಿಗೆ ಬಂದಂತೆ ಆಯಿತು. ಅವತ್ತು ಅವಳು ನನ್ನ ತಟ್ಟೆಗೆ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಹಾಕಿದಳು. "ಪಾಪ, ಐದ್ ದಿನ ಓದಿಲ್ಲ ನೀನು." ನಾನು ತಿಂದೆ.

ಶನಿವಾರ ಮಧ್ಯಾಹ್ನ ಅಕ್ಕ ಸೀರೆಗಳ ಗಂಟು ಕೊಡಲು ಅಪ್ಪನ ಜೊತೆ, ನಮಗೆ ನೂಲು ಕೊಟ್ಟು ನೇಯಿಸುವ ಮಾಲೀಕರ ಮನೆಗೆ ಹೋಗಿದ್ದಳು. ಅಮ್ಮ ಬಾವಿ ಹತ್ತಿರ ಇದ್ದಳು. ಕರೆಂಟು ಹೋಯಿತು. ನಾನು ಅಕ್ಕನ ಹಾಡು ಶುರುವಾಗುವ ಜಾಗಕ್ಕೆ ರೀಲು ಸುತ್ತಿ, ಟೇಪ್‌ರೆಕಾರ್ಡರನ್ನು ತೊಡೆಯ ಮೇಲೆ ಇಟ್ಟುಕೊಂಡು ರೆಕಾರ್ಡಿನ ಕೆಂಪು ಗುಂಡಿ ಒತ್ತಿ, ಪ್ರಶ್ನೋತ್ತರ ಓದತೊಡಗಿದೆ. ಎರಡು ಉತ್ತರ ಆದ ಮೇಲೆ ನಿಲ್ಲಿಸಿದೆ. ಅಳಿಸುತ್ತಿದೆಯೋ ಇಲ್ಲವೋ ನೋಡೋಣ ಎಂದು ಅಲ್ಲಿಂದ ಮುಂದಕ್ಕೆ ಹಾಕಿ ಕೇಳಿದೆ. ಅಕ್ಕನ ದನಿ ಬಂತು, ಅರ್ಧ ಸಾಲು. ತುಂಬ ಚೆನ್ನಾಗಿತ್ತು. ಮತ್ತೆ ಕೆಂಪು ಗುಂಡಿ ಒತ್ತಿದೆ. ರೀಲು ಮುಗಿದು ಗುಂಡಿ ತಾನಾಗಿ ಟಕ್ಕನೆ ಮೇಲೆ ಬರುವ ತನಕ ಓದಿದೆ.

ಭಾನುವಾರ ಮೂರು ಗಂಟೆಗೆ ಮಂಜಣ್ಣ ಬಂದ. ಅಕ್ಕ ತಲೆಗೆ ಕನಕಾಂಬರ ಮುಡಿದಿದ್ದಳು. ಅಕ್ಕಪಕ್ಕದ ಮನೆಯವರೂ ಜಗಲಿಯಲ್ಲಿ ಸೇರಿದ್ದರು. ಅಕ್ಕ ಕ್ಯಾಸೆಟ್ಟು ಹಾಕಿದಳು. ಕೊನೆಯ ಭಾವಗೀತೆ ಮುಗಿಯಿತು, ಸ್ವಲ್ಪ ಹೊತ್ತು ಸುಯ್ ಅಂದಿತು. ಅಕ್ಕ ನೆಲ ನೋಡುತ್ತಿದ್ದಳು. ಆಮೇಲೆ ಬಂದದ್ದು ನನ್ನ ದನಿ.

"ಪ್ರಶ್ನೆ ಒಂದು. ಮಣ್ಣಿನ ಸವಕಳಿಗೆ ಕಾರಣಗಳನ್ನು ಬರೆಯಿರಿ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮಂಜಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದೇನವ್ವಾ, ಆರತಕ್ಷತೇಲಿ ಗಂಡಿನ ಕಡೆಯೋರಿಗೆ ಮಣ್ಣಿನ ಪಾಠ ಒಪ್ಪಿಸ್ತೀಯಾ?" ಬೀದಿಯವರೆಲ್ಲ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕದ್ದು ಅಪ್ಪ. ನಗುವುದಷ್ಟೇ ಅಲ್ಲ, "ಹೆಂಗ್ ಓದ್ತಾಳೆ ನೋಡ್ರಿ ನನ್ ಮಗಳು, ಒಂದ್ ಕಡೆ ತಡವರಿಸಿಲ್ಲ!" ಎಂದು ಎಲ್ಲರಿಗೂ ತೋರಿಸಿದ. ನನ್ನನ್ನು ಅಷ್ಟು ಜನರ ಮುಂದೆ ಅಪ್ಪ ಹೊಗಳಿದ್ದೂ ಅದೇ ಮೊದಲು.

"ನಂಗ್ ಗೊತ್ತಿರಲಿಲ್ಲ," ಅಂದೆ ನಾನು. "ಖಾಲಿ ಐತೆ ಅಂದ್ಕೊಂಡೆ." ಎಲ್ಲರೂ ನಂಬಿದರು.

"ಹೋಗ್ಲಿ ಬಿಡು, ಈಗಲೇ ಹಾಡಮ್ಮ, ನಾನೇ ಕೇಳ್ತೀನಿ," ಅಂದ ಮಂಜಣ್ಣ. ಅಕ್ಕ ಗಂಟಲು ಸರಿಮಾಡಿಕೊಂಡಳು. ಒಂದು ಸಾಲೂ ಆಗಿರಲಿಲ್ಲ, ಅವತ್ತು ಮುಂಚೆಯೇ ಕರೆಂಟು ಬಂತು. ಮಾಲು ಕೊಡುವ ಅವಸರ, ಭಾನುವಾರವೂ ಮಗ್ಗ ನಡೆಯುತ್ತಿದ್ದ ದಿನಗಳು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಅಕ್ಕ ಹಾಡುತ್ತಲೇ ಇದ್ದಳು. ಮಂಜಣ್ಣ ಕಿವಿಗೆ ಕೈ ಇಟ್ಟು ಬಗ್ಗಿದ, ತಲೆಯಾಡಿಸಿದ, ಗಡಿಯಾರ ನೋಡಿದ, ಆಮೇಲೆ ಬರುತ್ತೇನೆಂದು ಕೈಸನ್ನೆ ಮಾಡಿ ಹೋದ. ಬರಲಿಲ್ಲ. ಹೊಸಕೋಟೆ ಕಡೆಯ ಹುಡುಗಿಯೊಬ್ಬಳು ಸಿಕ್ಕಿದಳಂತೆ. ನಾನು ಹತ್ತನೇ ಕ್ಲಾಸಿನಲ್ಲಿ ಫಸ್ಟ್‌ಕ್ಲಾಸು ಬಂದೆ. ಪರೀಕ್ಷೆಯಲ್ಲಿ ಮಣ್ಣಿನ ಸವಕಳಿಯ ಪ್ರಶ್ನೆಯೂ ಬಂದಿತ್ತು. ಅಕ್ಕ ಮಗ್ಗದ ಮುಂದೆ ನಿಂತಾಗ ತುಟಿ ಅಲ್ಲಾಡಿಸುವುದನ್ನು ಆ ಬೇಸಿಗೆಯಲ್ಲೇ ಬಿಟ್ಟಳು.

ಶಿರಾ ದಾಟಿದ ಮೇಲೆ ಕಾರಿನಲ್ಲಿ ಕೆರೆ ಕ್ಯಾಸೆಟ್ಟಿನ ಕೊನೆಯ ಹಾಡು ಮುಗಿಯಿತು. ಫೋಲ್ಡರಿನಲ್ಲಿ ಮುಂದೇನೂ ಇರಲಿಲ್ಲ. ಟೈರಿನ ಸದ್ದು ಮಾತ್ರ. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಅದನ್ನ ನಾನು ಗೊತ್ತಿದ್ದೇ ಅಳಿಸಿದ್ದು."

"ಗೊತ್ತು," ಅಂದಳು. ಕಿಟಕಿಯ ಕಡೆಗೆ ನೋಡುತ್ತಲೇ.

"ಯಾವಾಗ ಗೊತ್ತಾಯ್ತು?"

"ಅವತ್ತೇ. ನಿನ್ನ ಎರಡನೇ ಉತ್ರ ಆದ್ಮೇಲೆ ನನ್ನ ಅರ್ಧ ಸಾಲು ಉಳ್ಕೊಂಡಿತ್ತಲ್ಲ. ಎಲ್ಲಾ ನಗ್ತಿದ್ರು, ಯಾರ್ಗೂ ಕೇಳ್ಲಿಲ್ಲ. ನಂಗ್ ಕೇಳ್ತು. ನಿಲ್ಸಿ, ಕೇಳಿ, ಮತ್ತೆ ಒತ್ತಿದೀಯ ಅಂತ ಮಗ್ಗದೋಳಿಗೆ ತಿಳಿಯಾಕಿಲ್ವಾ? ನೂಲು ಎಲ್ಲಿ ಕಡಿದು ಎಲ್ಲಿ ಗಂಟು ಹಾಕಿದಾರೆ ಅಂತ ನೋಡೋದೇ ನಮ್ ಕೆಲಸ."

"ಮತ್ತೆ ಅಪ್ಪಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು? ನಿನ್ನ ಸ್ಕೂಲ್ ಬಿಡಿಸ್ಬಿಡ್ತಿತ್ತು ಅಪ್ಪ. ಮೂರನೇ ಮಗ್ಗಕ್ಕೆ ನಿಲ್ಲಿಸ್ತಿತ್ತು." ನನ್ನ ಕಣ್ಣು ತುಂಬಿಬಂತು. ಅವಳು ಅದನ್ನು ನೋಡಿದಳು. "ಅಳಬ್ಯಾಡ, ಗಾಡಿ ನೋಡ್ಕೊಂಡ್ ಹೊಡಿ. ನಿನ್ ಮೇಲಿನ ಪ್ರೀತಿಗಲ್ಲ. ಬೆಳಗಿಂದ ಸಂಜೆಗಂಟ ಪಕ್ಕದಲ್ಲಿ ನಿನ್ ಮುಖ ನೋಡ್ಕೊಂಡು ನಿಲ್ಲಬೇಕಾಗ್ತಿತ್ತಲ್ಲ, ಅದಕ್ಕೆ. ಓದ್ಕೊಂಡು ಎಲ್ಲಾದ್ರೂ ತೊಲಗ್ಲಿ ಅಂತ ಬಿಟ್ಟೆ."

ಹಿರಿಯೂರು ಬಂತು. ಅಲ್ಲಿ ಹುಣಸೆಮರದ ಕೆಳಗೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಫೋನು ತೆಗೆದೆ.

"ಅಕ್ಕಾ, ಆ ಎರಡು ಹಾಡು ಈಗ ಹಾಡು. ಇಲ್ಲಿ ಯಾವ ಸದ್ದೂ ಇಲ್ಲ. ರೆಕಾರ್ಡ್ ಮಾಡ್ಕೋತೀನಿ."

ಅಕ್ಕ ಫೋನನ್ನು ನೋಡಿದಳು, ನನ್ನನ್ನು ನೋಡಿದಳು. ಕೋಪವೇನೂ ಇರಲಿಲ್ಲ ಮುಖದಲ್ಲಿ.

"ಯಾಕೆ?" ಅಂದಳು. "ಇನ್ನೊಂದ್ಸಲ ಅಳ್ಸಾಕಾ?"

ಬಾಗಿಲು ತೆಗೆದು ಇಳಿದು, ಸೆರಗು ಕೊಡವಿಕೊಂಡು, ಎಳನೀರಿನವನ ಹತ್ತಿರ ಹೋಗಿ ಗಂಜಿ ಇರುವುದನ್ನೇ ಕೊಡಪ್ಪಾ ಎಂದು ಕೇಳಿದಳು. ನನಗೂ ಒಂದು ಹೇಳಿದಳು.

ಆ ಬೇಸಿಗೆಯಲ್ಲಿ ಕಳೆದುಹೋದದ್ದು ಎರಡೇ ಹಾಡು. ಹತ್ತು ನಿಮಿಷವೂ ಇಲ್ಲ. ಇವತ್ತು ಒಂದು ಗುಂಡಿ ಒತ್ತಿದರೆ ಆಗಿನ ಹಾಡೆಲ್ಲವೂ ಬರುತ್ತದೆ, ರೀಲು ನುಂಗಿದ ಮಾತು ಸಮೇತ. ಬರದೇ ಇರುವುದು ಅದೊಂದೇ. ಮನಸ್ಸಿನಲ್ಲಾದರೂ ಕೇಳಿಕೊಳ್ಳೋಣ ಎಂದು ದಾವಣಗೆರೆಯಿಂದ ಒಬ್ಬಳೇ ವಾಪಸು ಬರುವಾಗ ದಾರಿಯುದ್ದಕ್ಕೂ ನೋಡಿದೆ. ನಾನು ಕೇಳಿದ್ದೇನಲ್ಲ, ಐದು ದಿನ ಎದುರಿಗೇ ಕೂತು, ಬಾಯಿ ಮುಚ್ಚಿಕೊಂಡು. ಹಾಡು ನೆನಪಿದೆ, ಅವಳ ದನಿ ನೆನಪಾಗುವುದಿಲ್ಲ. ದನಿಯನ್ನು ಹುಡುಕಿಕೊಂಡು ಹೋದಾಗಲೆಲ್ಲ ಅಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಒಂದು ಕಡೆಯೂ ತಡವರಿಸದೆ, ಮಣ್ಣಿನ ಸವಕಳಿಗೆ ಕಾರಣಗಳನ್ನು ಓದುತ್ತಿರುತ್ತಾಳೆ.