ಹಾಲು ಒಗ್ಗದ ಹೊಟ್ಟೆ

ನಮ್ಮ ಮನೆಯಲ್ಲಿ ಮಕ್ಕಳು ಬೆಳಿಗ್ಗೆ ಎದ್ದ ಕೂಡಲೇ ಲೋಟ ಹಾಲು ಕುಡಿಯಬೇಕು. ಆ ನಿಯಮ ಮಾಡಿದವನು ನಾನು. ಕಾರ್ಖಾನೆಯಿಂದ ನಿವೃತ್ತನಾಗಿ ಹೈದರಾಬಾದಿನ ಗಚ್ಚಿಬೌಲಿಯ ಮಗನ ಫ್ಲ್ಯಾಟಿಗೆ ಬಂದ ಮೇಲೂ ಅದನ್ನು ಸಡಿಲಿಸಲಿಲ್ಲ. ನಾನು ಮಾತ್ರ ಕುಡಿಯುತ್ತಿರಲಿಲ್ಲ. ಕುಡಿದರೆ ಹೊಟ್ಟೆ ಉಬ್ಬಿ ಗುಡುಗುಡು ಎಂದು ಸಂಡಾಸಿಗೆ ಓಡಿಸುತ್ತಿತ್ತು. ಕಾರ್ಖಾನೆಯಲ್ಲಿ ನಾನಿದ್ದ ಪೇಂಟ್ ಶಾಪಿನವರಿಗೆಲ್ಲ ಬಣ್ಣದ ಘಾಟಿಗೆ ಮದ್ದೆಂದು ದಿನವೂ ಹಾಲು ಕೊಡುತ್ತಿದ್ದರು. "ಮನ್ಯಾಗ ಎಮ್ಮಿ ಹಾಲ ಕುಡದು ಬಂದೀನಿ" ಎಂದು ನನ್ನ ಪಾಲನ್ನು ಪಕ್ಕದವರಿಗೆ ದಾಟಿಸುತ್ತಿದ್ದೆ. ಹಾಲು ದಕ್ಕದ ಗಂಡಸು ಎಂದು ನಗೆಗೀಡಾಗುವುದು ಬೇಡವಾಗಿತ್ತು.

ಮೊಮ್ಮಗಳು ನಾಲ್ಕನೆಯ ತರಗತಿಗೆ ಬಂದಾಗ ಶಾಲೆಯಿಂದ ದೂರು ಬರತೊಡಗಿತು. ಮೊದಲ ಪೀರಿಯಡ್ಡಿಗೇ ಹೊಟ್ಟೆನೋವು ಎಂದು ಓಡುತ್ತಾಳಂತೆ, ಲೆಕ್ಕದ ಪಾಠ ತಪ್ಪಿಸಲು ನಾಟಕವಂತೆ. ಸೊಸೆ ಇಲ್ಲಿ ಇಂಟರ್ ಎನ್ನುವ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಸುಳ್ಳು ಸಹಿಸುವವಳಲ್ಲ. "ಇನ್ನೊಮ್ಮೆ ಹಿಂಗ ಮಾಡಿದ್ರ ಹಾಸ್ಟೆಲಿಗೆ ಹಾಕ್ತೀನಿ ನೋಡು" ಎಂದಳು. ಹುಡುಗಿ ಅಳುತ್ತ ಹಾಲು ಮುಗಿಸಿತು. ನನಗೆ ಗುಮಾನಿ ಇತ್ತು. ಆದರೆ ಸೊಸೆಯೆದುರು ನನ್ನ ಹೊಟ್ಟೆಯ ಮಾತು ಹೇಗೆ ಎತ್ತುವುದು? ಪೇಪರ್ ಮಡಚಿಟ್ಟು ವಾಕಿಂಗಿಗೆ ಹೋದೆ.

ಒಂದು ಭಾನುವಾರ ಸೊಸೆ ಪಕ್ಕದ ಫ್ಲ್ಯಾಟಿನ ಇಬ್ಬರು ಹುಡುಗಿಯರಿಗೆ ನನಗೂ ತಿಳಿಯುವಷ್ಟು ಸರಳ ತೆಲುಗಿನಲ್ಲಿ ಪಾಠ ಹೇಳುತ್ತಿದ್ದಳು. ಜೀವಕೋಶದ ನಡುಮನೆಯಲ್ಲಿ ಡಿಎನ್‌ಎ ಇರುತ್ತದೆ, ಅದು ಹೊರಗೆ ಬರುವುದಿಲ್ಲ. ಬೇಕಾದ ಭಾಗದ ನಕಲು ಆರ್‌ಎನ್‌ಎ ಆಗಿ ಹೊರಬರುತ್ತದೆ, ಅದನ್ನು ಮೂರು ಮೂರು ಅಕ್ಷರದಂತೆ ಓದಿ ಕೋಶವು ಪ್ರೋಟೀನು ಕಟ್ಟುತ್ತದೆ. ನಮ್ಮ ಕಾರ್ಖಾನೆಯ ಡ್ರಾಯಿಂಗ್ ಆಫೀಸೂ ಹೀಗೇ. ಮೂಲ ನಕ್ಷೆ ಅಲ್ಮೇರಾದಲ್ಲಿ, ಶಾಪಿಗೆ ಹೋಗುವುದು ನಕಲು. ನಕಲು ಬಾರದಿದ್ದರೆ ಮಾಲೇ ಇಲ್ಲ. ಉದಾಹರಣೆಗೆ ಎಂದು ಸೊಸೆ ಮುಂದುವರಿಸಿದಳು, ಹಾಲಿನ ಸಕ್ಕರೆಯನ್ನು ಒಡೆಯುವುದೂ ಒಂದು ಪ್ರೋಟೀನು. ಹಸುಗೂಸಿನ ಕರುಳು ಅದನ್ನು ಧಾರಾಳವಾಗಿ ಮಾಡುತ್ತದೆ. ಎಷ್ಟೋ ಜನರಲ್ಲಿ ಬೆಳೆಯುತ್ತ ಆ ನಕಲು ತೆಗೆಯುವುದೇ ಕಡಿಮೆಯಾಗುತ್ತದೆ. ಆಮೇಲೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ.

ಮೊಮ್ಮಗಳು ಹಾಲಿನ ಲೋಟ ಹಿಡಿದು ಅಲ್ಲೇ ಬಾಗಿಲಲ್ಲಿ ನಿಂತಿತ್ತು.

"ಅದು ನನಗ ಐತಿ" ಎಂದೆ. ದನಿ ಜೋರಾಯಿತು.

"ಏನ್ ಐತ್ರಿ ಮಾವಾರ?"

"ಹಾಲು ಒಗ್ಗೂದಿಲ್ಲವ್ವಾ. ಮೊದಲಿಂದಾನೂ. ಈ ಕೂಸಿಗೂ ಅದ ಇರಬೇಕು."

ಆ ಇಬ್ಬರು ಹುಡುಗಿಯರಿಗೆ ಕನ್ನಡ ತಿಳಿಯದು. ಆದರೆ ನನ್ನ ಕೈ ಹೊಟ್ಟೆಯ ಮೇಲಿತ್ತು. ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕರು. ಸೊಸೆ ನಗಲಿಲ್ಲ. "ನಮ್ಮ ತವರಾಗ ಯಾರಿಗೂ ಇಲ್ರಿ" ಎಂದವಳು ಅಲ್ಲಿಗೇ ನಿಂತಳು. ಪೆನ್ನಿನಿಂದ ಪಾಠದ ಬಿಳಿ ಹಲಗೆಯ ಮೂಲೆಯಲ್ಲಿ ಎರಡು ಗೆರೆ ಎಳೆದಳು. "ಈ ಜೀನು ತಂದಿ ಕಡೆಯಿಂದೊಂದು, ತಾಯಿ ಕಡೆಯಿಂದೊಂದು ಬರಬೇಕ್ರಿ; ನಿಮ್ಮದೊಂದ ಸಾಲೂದಿಲ್ರಿ ಮಾವಾರ. ನಿಮ್ಮದು ನಿಮ್ಮ ಮಗನ ಕೈಲೆ ಬಂದಿರ್ತೈತಿ. ಇನ್ನೊಂದು ನಾನ ಕೊಟ್ಟಿರಬೇಕು. ಕೊಟ್ಟು, ಮತ್ತ ಇಕಿಗೆ ಸುಳ್ಳಿ ಅಂದೆ." ಎದ್ದು ಹೋಗಿ ಮಗಳ ಕೈಯಿಂದ ಲೋಟ ತೆಗೆದುಕೊಂಡಳು.

ಹುಡುಗಿ ತಾಯಿಯ ಕಡೆ ನೋಡಲಿಲ್ಲ. ನನ್ನ ಹತ್ತಿರ ಬಂದಿತು.

"ಅಜ್ಜಾ, ನಿನಗೂ ಹಂಗ ಆಗ್ತಿತ್ತಾ?"

"ಹೂಂ."

"ಮತ್ತ ಮಮ್ಮಿ ಬೈಯುವಾಗ ಯಾಕ ಹೇಳಲಿಲ್ಲ?"

"ನಾಚಿಕಿ ಬರ್ತಿತ್ತವ್ವಾ."

"ನನಗ ಕ್ಲಾಸಿನಾಗ ಎಲ್ಲಾರ ಮುಂದ ನಾಚಿಕಿ ಬರ್ತಿತ್ತು" ಎಂದಿತು.