ನಡುವೆ ನಿಲ್ಲಿಸಬಾರದ ಪದ

ಆಗೆಲ್ಲ ನಮ್ಮೂರು ಜಾವಳಿಯಲ್ಲಿ ನಾನು ಕಂಡ ಗಡಿಯಾರ ಎರಡೇ. ಒಂದು ಶಾಲೆಯದು, ಇನ್ನೊಂದು ಅಪ್ಪನ ಕೈಯದು. ಅಪ್ಪ ಕಾಫಿ ಎಸ್ಟೇಟಿನ ರೈಟರು. ಆಳುಗಳ ಹಾಜರಿಯಂತೆಯೇ ಮನೆಯಲ್ಲೂ ಎಲ್ಲಕ್ಕೂ ಹೊತ್ತು ಗೊತ್ತು: ಐದೂವರೆಗೆ ಏಳಬೇಕು, ಆರಕ್ಕೆ ಮಗ್ಗಿ, ಏಳಕ್ಕೆ ರೊಟ್ಟಿ. ನಾನು ಇವತ್ತಿಗೂ ಐದೂವರೆಗೇ ಏಳುತ್ತೇನೆ.

ನಾಟಿಯ ತಿಂಗಳಲ್ಲಿ ಮಾತ್ರ, ಶಾಲೆ ಬಿಟ್ಟ ಮೇಲಿನ ಒಂದು ಗಂಟೆ ನನ್ನದು. ಗದ್ದೆಯ ಬದುವಿನ ಮೇಲೆ ಹೋಗಿ ಕೂರುತ್ತಿದ್ದೆ. ಕೆಸರಿನ ವಾಸನೆ, ಎಲೆಅಡಿಕೆಯ ವಾಸನೆ. ಹೆಂಗಸರು ಮಳೆಗೆ ಗೊರಬು ಹೊದ್ದು, ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತ ನೆಡುವರು. ಅವರಲ್ಲಿ ಹಿರಿಯಳು ಕೆಂಚಮ್ಮ ನಾಟಿ ಪದದ ಒಂದು ಸೊಲ್ಲು ಎತ್ತಿದರೆ ಉಳಿದವರು ಅದನ್ನೇ ಹಿಡಿದು ತಿರುಗಿ ಹೇಳುವರು. ಪದದಲ್ಲಿ ಸಸಿಯೇ ಮದುಮಗಳು. ಸಸಿಮಡಿ ಅವಳ ತವರು, ಗದ್ದೆ ಗಂಡನ ಮನೆ. ಹಳ್ಳ ದಾಟಿ, ಬದು ಹತ್ತಿ ಅವಳು ಬರಬೇಕು.

ಒಮ್ಮೆ ಕೆಂಚಮ್ಮ ಅಕ್ಕಿ ರೊಟ್ಟಿಗೆ ಸೂಜಿಮೆಣಸಿನ ಚಟ್ನಿ ಸವರಿ ಕೊಟ್ಟಳು. ತಿನ್ನುತ್ತಲೇ ಪದ ಹೇಳುತ್ತಿದ್ದ ನಾನು ಖಾರ ತಡೆಯದೆ ಅರ್ಧಕ್ಕೆ ಬಿಟ್ಟೆ.

“ಅಯ್ಯೋ ಮಾರಾಯ್ತಿ, ಬಿಡಬೇಡ! ಹುಡುಗಿ ಹಳ್ಳದ ಹತ್ರ ನಿಂತಿದಾಳೆ. ತವರಿಗೂ ಇಲ್ಲ, ಗಂಡನ ಮನೆಗೂ ಇಲ್ಲ. ಎತ್ತಿದ ಪದ ಮುಗಿಸ್ಬೇಕು.”

“ಖಾರ, ಕೆಂಚಮ್ಮ!”

“ಖಾರ ನಿಂಗೆ. ಅವಳೇನು ಮಾಡಿದ್ಲು ಪಾಪ?”

ಆ ವರ್ಷ ಆಗಸ್ಟ್ ಹದಿನೈದಕ್ಕೆ ಮೇಷ್ಟ್ರು ತರಗತಿಗೊಬ್ಬರು ಹಾಡಬೇಕೆಂದರು. ನನ್ನ ಸರದಿ ಬಂದಾಗ ಆ ನಾಟಿ ಪದವನ್ನೇ ಎತ್ತಿದೆ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಪಕ್ಕಕ್ಕೆ ಬಂದರು.

“ಏಯ್, ಸಾಕು, ಇಳಿ. ಗದ್ದೆ ಪದ ಗದ್ದೇಲಿ ಹೇಳ್ಕೋ. ದೊಡ್ಡೋರು ಕೂತಿದಾರೆ.”

ಅಲ್ಲಿಯವರೆಗೆ ನಾನು ಅವರ ಮಾತು ಮೀರಿದವಳಲ್ಲ. ಆದರೆ ಮದುಮಗಳು ಹಳ್ಳದ ಹತ್ತಿರ ನಿಂತಿದ್ದಳು. ಮುಂದಿನ ಸೊಲ್ಲು ಹೇಳಿದೆ. ಅವರು ಶಾಲೆಯ ಗಂಟೆ ಬಾರಿಸಿದರು. ಗಂಟೆಗಿಂತ ಜೋರಾಗಿ ಹೇಳಿದೆ. ಆಗ ಬೇಲಿಯಾಚೆ ನೋಡುತ್ತ ನಿಂತಿದ್ದ ಹೆಂಗಸರ ನಡುವಿನಿಂದ ಕೆಂಚಮ್ಮನ ದನಿ ಸೊಲ್ಲು ಹಿಡಿಯಿತು. ಅವಳ ಹಿಂದೆ ಹತ್ತು ದನಿ. ಗಂಟೆ ಸೋತಿತು.

ಸಂಜೆ ಅಪ್ಪನಿಗೆ ದೂರು ಹೋಯಿತು.

“ಮೇಷ್ಟ್ರು ನಿಲ್ಸು ಅಂದ್ರೂ ಯಾಕೆ ನಿಲ್ಲಿಸ್ಲಿಲ್ಲ?”

“ನಡುವೆ ನಿಲ್ಲಿಸ್ಬಾರದು ಅಂತ ನಿಯಮ ಅಪ್ಪ.”

“ಯಾರು ಮಾಡಿದ್ದು?”

“ಕೆಂಚಮ್ಮ.”

ಅಪ್ಪ ಕೈಗಡಿಯಾರ ನೋಡಿಕೊಂಡರು. “ಮುಗಿಸಿದ್ಯಾ?”

“ಮುಗಿಸ್ದೆ.”

“ಸರಿ. ಎಂಟಾಯ್ತು, ಊಟಕ್ಕೇಳು.”

ಮೇಷ್ಟ್ರು ಮಾತ್ರ ಒಂದು ವಾರ ನನ್ನನ್ನು ಹಿಂದಿನ ಬೆಂಚಿಗೆ ಅಟ್ಟಿದರು. ಅಲ್ಲಿಂದ ಕಿಟಕಿಯಲ್ಲಿ ಗದ್ದೆ ಚೆನ್ನಾಗಿ ಕಾಣುತ್ತಿತ್ತು.

ಈಗ ಆ ಗದ್ದೆಯಲ್ಲಿ ಅಡಿಕೆ ಎದ್ದಿದೆ. ಕೆಂಚಮ್ಮ ಹೋಗಿ ಎಷ್ಟೋ ವರ್ಷವಾಯಿತು. ಈಚೆಗೆ ಕೊಟ್ಟಿಗೆಹಾರದ ಹತ್ತಿರದ ಹೋಂಸ್ಟೇ ಒಂದರಲ್ಲಿ ಹಳೆಯ ಪದ ಹೇಳಲು ನನ್ನನ್ನು ಕರೆದಿದ್ದರು. “ಅಮ್ಮಾ, ಎರಡೇ ನಿಮಿಷ,” ಎಂದು ಮೈಕ್ ಕೊಟ್ಟ ಹುಡುಗಿ ಹೇಳಿದಳು. ಎರಡು ನಿಮಿಷಕ್ಕೆ ನನ್ನ ಮದುಮಗಳು ಹಳ್ಳದವರೆಗೂ ಬಂದಿರಲಿಲ್ಲ. ಮೈಕ್ ಆರಿಸಿದರು. ನಾನು ನಿಲ್ಲಿಸಲಿಲ್ಲ.

ಪ್ರತಿ ಸೊಲ್ಲಿನ ಕೊನೆಗೂ ಒಂದು ಉಸಿರಿನಷ್ಟು ಕಾದೆ, ಹಿಂದಿನಿಂದ ಯಾರಾದರೂ ಹಿಡಿದಾರೆಂದು. ಯಾರೂ ಹಿಡಿಯಲಿಲ್ಲ. ಆಗಲಿ. ತಿರುಗಿ ಹೇಳುವ ಸೊಲ್ಲನ್ನೂ ನಾನೇ ಹೇಳಿಕೊಂಡು, ಅವಳನ್ನು ಗದ್ದೆ ಮುಟ್ಟಿಸಿಯೇ ಕೂತೆ.