ಸೈಫುದ್ದೀನನ ಮದ್ರಾಸ್ ಕ್ಯಾಮೆರಾ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪಟ ತೆಗೆಯುತ್ತಿದ್ದ ಸೈಫುದ್ದೀನನಿಗೆ ಒಂದೇ ಕೊರಗು. ಅವನೆದುರು ಕೂತವರೆಲ್ಲ ಪಟದಲ್ಲಿ ಹೆಗಲ ಮೇಲೆ ಹಾವು ಬಿದ್ದವರಂತೆ ಕಾಣುತ್ತಿದ್ದರು. ದಂಡಿನ ಹವಾಲ್ದಾರನಿರಲಿ, ಹತ್ತಿ ವ್ಯಾಪಾರಿಯಿರಲಿ, ಹೊಸ ಮದುಮಗನಿರಲಿ, ಮುಖ ಮಾತ್ರ ಅದೇ. ತಪ್ಪೆಲ್ಲ ತನ್ನ ಹಳೆಯ ಮರದ ಕ್ಯಾಮೆರಾದ್ದು ಎಂದು ಅವನು ನಂಬಿದ್ದ. ಅದರ ಮುಚ್ಚಳ ತೆಗೆದು ಮತ್ತೆ ಮುಚ್ಚುವ ತನಕ ಯಾರೂ ಅಲುಗುವಂತಿರಲಿಲ್ಲ. ಅದಕ್ಕೆಂದೇ ಕುರ್ಚಿಯ ಹಿಂದೆ, ಕತ್ತನ್ನು ಹಿಡಿದಿಡುವ ಕಬ್ಬಿಣದ ಕವಲೊಂದನ್ನು ನಿಲ್ಲಿಸಿದ್ದ.

ಕಡೆಗೊಮ್ಮೆ ಮದ್ರಾಸಿನಿಂದ ರೈಲಿನಲ್ಲಿ ಹೊಸ ಕ್ಯಾಮೆರಾ ಬಂತು. ರಬ್ಬರಿನ ಬುಗ್ಗೆ ಒತ್ತಿದರೆ ಸಾಕು, ರೆಪ್ಪೆ ಬಡಿಯುವಷ್ಟರಲ್ಲಿ ಪಟ. ಸೈಫುದ್ದೀನ ವಾರವಿಡೀ ನೆಲದ ಮೇಲೆ ನಡೆಯಲಿಲ್ಲ. ಹೊಸ ಪಟಗಳನ್ನು ಒಣಗಿಸಿ ಹೆಂಡತಿ ಕುಲ್ಸುಂಬೀಗೆ ತೋರಿಸಿದ. ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು.

"ಮೊದಲ ಇವ್ರು ಅಂಜಿದ್ದು ಮಸಕ ಮಸಕ ಕಾಣ್ತಿತ್ತು. ಈಗ ಸ್ವಚ್ಛ ಕಾಣಾಕತ್ತೈತಿ," ಎಂದಳು.

ಅವನು ಎರಡು ದಿನ ಅವಳೊಡನೆ ಮಾತು ಬಿಟ್ಟ.

ಅಷ್ಟರಲ್ಲಿ ಸಿರುಗುಪ್ಪದ ಗದ್ದೆ ಸಾಹುಕಾರ ದೊಡ್ಡಬಸಪ್ಪ ತನ್ನ ತಾಯಿ ಹಂಪಕ್ಕನ ಪಟ ಬೇಕೆಂದು ಗಾಡಿ ಕಳಿಸಿದ. ಸೈಫುದ್ದೀನ ಹೊಸ ಕ್ಯಾಮೆರಾದ ಜೊತೆಗೆ ಹಳೆಯ ಕವಲನ್ನೂ ರೂಢಿಯಿಂದ ಹೇರಿಕೊಂಡು ಹೊರಟ. ಅಂಗಳದಲ್ಲಿ ಜಮಖಾನೆ ಹಾಸಿ, ಹಂಪಕ್ಕನನ್ನು ಕೂರಿಸಿ, ಕವಲನ್ನು ಅವಳ ಕತ್ತಿಗೆ ಹೊಂದಿಸಹೋದ.

"ಏನಿದು, ನೊಗ ಏನು?" ಎಂದಳು ಮುದುಕಿ.

"ಅಲುಗಬಾರ್ದಮ್ಮ, ಅದಕ್ಕ."

"ಅಲುಗದಂಗ ಇರಾಕ ನಾ ಏನ್ ಸತ್ತೀನೇನು? ತಗೀ ಅತ್ತಾಗ."

ಮುದುಕಿ ಎದ್ದೇಬಿಟ್ಟಳು. ಅತ್ತ ಕೊಟ್ಟಿಗೆಯಲ್ಲಿ ಎಮ್ಮೆಯೊಂದು ಹಗ್ಗ ಬಿಚ್ಚಿಕೊಂಡು ಬತ್ತದ ಚೀಲಕ್ಕೆ ಬಾಯಿ ಹಾಕಿತ್ತು. ಹಂಪಕ್ಕ ಸೊಂಟಕ್ಕೆ ಕೈಯಿಟ್ಟು, ಅದರ ಮೂತಿಗೆ ಮೂತಿ ತಂದು, ಅದರ ತಾಯಿ ಅಜ್ಜಿಯರನ್ನೆಲ್ಲ ಸೇರಿಸಿ ಬೈಯತೊಡಗಿದಳು. ಕಣ್ಣಲ್ಲಿ ಮಾತ್ರ ನಗು. ಸೈಫುದ್ದೀನನಿಗೆ ಏನನ್ನಿಸಿತೋ, ಕ್ಯಾಮೆರಾವನ್ನು ಆ ಕಡೆ ತಿರುಗಿಸಿ ಬುಗ್ಗೆ ಒತ್ತಿದ.

ಆ ರಾತ್ರಿ ಅಲ್ಲೇ ಕತ್ತಲ ಕೋಣೆಯೊಂದರಲ್ಲಿ ತೊಳೆದು ಒಣಗಿಸಿದ ಪಟ ನೋಡಿ ದೊಡ್ಡಬಸಪ್ಪ ಮುಖ ಸಿಂಡರಿಸಿದ. "ಅವ್ವನ ಪಟ ಕೇಳಿದ್ರ ಎಮ್ಮಿದು ತಗದೀಯಲ್ಲೋ."

ಹಂಪಕ್ಕ ಅದನ್ನು ಕಿತ್ತುಕೊಂಡು ಬಹಳ ಹೊತ್ತು ನೋಡಿದಳು. "ಇಬ್ರೂ ಚಲೋ ಬಂದೀವಿ," ಎಂದು ಹೇಳಿ ಪಡಸಾಲೆಯಲ್ಲೇ ತೂಗುಹಾಕಿಸಿದಳು.

ಮರಳುವ ದಾರಿಯಲ್ಲಿ, ಮೋಕಾ ಊರಿನ ಹತ್ತಿರದ ಹಳ್ಳದಲ್ಲಿ ಗಾಡಿ ಕುಪ್ಪಳಿಸಿ ಹೊಸ ಕ್ಯಾಮೆರಾದ ತಿದಿ, ಅದರ ಮಡಿಕೆ ಮಡಿಕೆಯ ಚರ್ಮದ ಚೀಲ, ಹರಿಯಿತು. ಅದು ರಿಪೇರಿಗೆಂದು ಮದ್ರಾಸಿಗೆ ಹೋಯಿತು. ಕುರುಗೋಡಿನ ಕುಂಬಾರ ಎರ್ರೆಪ್ಪನಿಗೂ ಅವನ ಹೆಂಡತಿ ಹುಲುಗಮ್ಮನಿಗೂ ಪಟ ತೆಗೆಯುವೆನೆಂದು ಸೈಫುದ್ದೀನ ಮೊದಲೇ ಮಾತು ಕೊಟ್ಟಿದ್ದ. ಬೇರೆ ದಾರಿಯಿಲ್ಲದೆ ಹಳೆಯದನ್ನೇ ಹೊತ್ತು ಹೋದ. ಕವಲನ್ನು ಮಾತ್ರ ಮನೆಯಲ್ಲೇ ಬಿಟ್ಟ.

ಗಂಡಹೆಂಡಿರು ಬೇವಿನ ನೆರಳಲ್ಲಿ ಕಂಬದಂತೆ ಕೂತರು. ಅವನು ಅವಸರ ಮಾಡಲಿಲ್ಲ. ಕೆಳಗೆ ಕೂತು ಎಲೆಯಡಿಕೆ ಹಾಕಿಕೊಂಡ.

"ನಿಮ್ಮ ಆವಿಗಿ ಯಾವಾಗರ ಕೆಟ್ಟೈತೇನ್ರಿ?" ಎಂದು ಕೇಳಿದ.

"ಅದೊಂದ್ ಸಲ," ಎಂದು ಎರ್ರೆಪ್ಪ ಶುರುಮಾಡಿದ. ಸುಡಲೆಂದು ಆವಿಗೆಯಲ್ಲಿ ಜೋಡಿಸಿದ್ದ ಹಸಿ ಮಡಕೆಗಳೆಲ್ಲ ಮಳೆ ಬಂದು ಕೆಸರಾದ ಕತೆ. ಹುಲುಗಮ್ಮ ನಡುವೆ ಬಾಯಿ ಹಾಕಿ, ಮಳೆ ಬರುತ್ತದೆಂದು ತಾನು ಮೊದಲೇ ಹೇಳಿದ್ದೆ ಎಂದಳು. ಹೇಳಿರಲಿಲ್ಲ ಎಂದು ಅವನು. ಹೇಳಿ ಹೇಳಿ ಇಬ್ಬರೂ ದಣಿದು, ಒಬ್ಬರನ್ನೊಬ್ಬರು ನೋಡುತ್ತ ಸುಮ್ಮನಾದರು. ಅಷ್ಟರಲ್ಲಿ ಸೈಫುದ್ದೀನ ಕ್ಯಾಮೆರಾದ ಹಿಂದೆ ನಿಂತಿದ್ದ.

"ಹಂಗ ಇರ್ರಿ," ಎಂದು ಮೆಲ್ಲಗೆ ಹೇಳಿ ಮುಚ್ಚಳ ತೆಗೆದ.

ಪಟದ ಅಂಚುಗಳು ಮಸುಕಾಗಿದ್ದವು, ಎರ್ರೆಪ್ಪನ ಕೈ ಅಲುಗಿ ಹೊಗೆಯಂತಾಗಿತ್ತು. ಆದರೂ ಅಂಥ ಪಟವನ್ನು ಅವನು ಅದುವರೆಗೆ ತೆಗೆದಿರಲಿಲ್ಲ. ಮದ್ರಾಸಿನಿಂದ ಹೊಸ ಕ್ಯಾಮೆರಾ ರಿಪೇರಿಯಾಗಿ ಬಂದ ಮೇಲೂ ಹಳೆಯದನ್ನು ಮಾರಲಿಲ್ಲ. ಓಡುವವರಿಗೆ ಹೊಸದು, ಕೂರುವವರಿಗೆ ಯಾವುದಾದರೂ ಆದೀತು ಎನ್ನುತ್ತಿದ್ದ. ಅಂಗಡಿಗೆ ಬಂದವರು ಈಗ ಮೊದಲು ಚಹಾ ಕುಡಿಯಬೇಕಿತ್ತು.

ಹುಲುಗಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ತಿಂಗಳೊಳಗೆ ಅವಳು ಪಟ ಹಿಡಿದು ಬಳ್ಳಾರಿಗೇ ಬಂದು, ಅದರಲ್ಲಿದ್ದ ಗಂಡನ ಮುಖದ ಮೇಲೆ ಬೆರಳಿಟ್ಟಳು.

"ಇದ್ರಾಗ ಇವಾ ಗೆದ್ದೋರಂಗ ಕಾಣ್ತಾನ," ಎಂದಳು. "ಇನ್ನೊಂದ್ ತಗೀರಿ."